ಗಿಡ ಮೊದಲು ನೆಡಿ, ಪ್ರಾಣಿ ಆಮೇಲೆ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಮೃಗಾಲಯದಲ್ಲಿ ಹೊಸ ಆವರಣ ಸಿದ್ಧವಾಯಿತೆಂದರೆ ಸುದ್ದಿಯಾಗುವುದು ಗಾಜಿನ ಗೋಡೆ, ಕಂದಕದ ಅಗಲ, ಕೃತಕ ಬಂಡೆ ಮತ್ತು ಖರ್ಚಾದ ಹಣ. ಗಿಡಮರದ ಬಗ್ಗೆ ‘ಸುತ್ತಲೂ ಹಸಿರೀಕರಣ ಮಾಡಲಾಗಿದೆ’ ಎಂಬ ಒಂದು ಸಾಲು ಬಂದರೆ ಹೆಚ್ಚು. ಕಾಮಗಾರಿಯ ಪಟ್ಟಿಯಲ್ಲೂ ಅದಕ್ಕೆ ಕೊನೆಯ ಜಾಗ. ಸಿವಿಲ್ ಕೆಲಸವೆಲ್ಲ ಮುಗಿದು, ಉದ್ಘಾಟನೆಗೆ ಕೆಲವೇ ವಾರ ಇರುವಾಗ, ಉಳಿದ ದುಡ್ಡಿನಲ್ಲಿ ಲಾರಿಗಟ್ಟಲೆ ಕುಂಡದ ಗಿಡ ತಂದು ನೆಡುತ್ತಾರೆ. ಬೇರು ಹಿಡಿಯುವ ಮೊದಲೇ ಪ್ರಾಣಿಯನ್ನು ಬಿಡುತ್ತಾರೆ. ಒಂದಷ್ಟು ಗಿಡ ಒಣಗುತ್ತವೆ, ಒಂದಷ್ಟನ್ನು ಪ್ರಾಣಿ ಕಿತ್ತು ತಿನ್ನುತ್ತದೆ, ಕೊನೆಗೆ ಬಿಸಿಲಿಗೆ ಕಾಯುವ ಸಿಮೆಂಟು ಬಂಡೆಗಳು ಮಾತ್ರ ಉಳಿಯುತ್ತವೆ. ಈ ಕ್ರಮ ತಲೆಕೆಳಗಾಗಬೇಕು. ವಿನ್ಯಾಸ ಗಿಡಮರದಿಂದ ಶುರುವಾಗಬೇಕು, ಅದೂ ನೋಡುಗರ ಕಡೆಯಿಂದಲ್ಲ, ಪ್ರಾಣಿ ಬದುಕುವ ಕಡೆಯಿಂದ.

ಸರಳುಗಳ ಪಂಜರದಿಂದ ಹೊರಬರುವ ದಾರಿಯನ್ನು ತೋರಿಸಿದವನು ಜರ್ಮನಿಯ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್. ಹ್ಯಾಂಬರ್ಗ್ ಬಳಿಯ ಸ್ಟೆಲಿಂಗೆನ್‌ನಲ್ಲಿ 1907ರಲ್ಲಿ ತೆರೆದ ತನ್ನ ಮೃಗಾಲಯದಲ್ಲಿ ಆತ ಸರಳುಗಳ ಬದಲು ಕಂದಕ ತೋಡಿಸಿ, ಅದು ಕಣ್ಣಿಗೆ ಬೀಳದಂತೆ ಬಂಡೆ ಮತ್ತು ಗಿಡಗಳ ಮರೆ ಕಟ್ಟಿದ. ಮುಂದೆ ಹಲವರು ನಕಲು ಮಾಡಿದ್ದು ಅವನ ಬಂಡೆಯನ್ನು, ಗಿಡವನ್ನಲ್ಲ. 1970ರ ದಶಕದಲ್ಲಿ ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯಕ್ಕಾಗಿ ಜೋನ್ಸ್ ಆ್ಯಂಡ್ ಜೋನ್ಸ್ ಎಂಬ ಭೂದೃಶ್ಯ ವಿನ್ಯಾಸ ಸಂಸ್ಥೆ ಹಾಕಿಕೊಟ್ಟ ಯೋಜನೆಯಿಂದ ‘ಲ್ಯಾಂಡ್‌ಸ್ಕೇಪ್ ಇಮ್ಮರ್ಶನ್’ ಎಂಬ ಪದ್ಧತಿ ಹರಡಿತು. ಅದರ ತಿರುಳು ಇಷ್ಟೇ: ಪ್ರಾಣಿಯ ನೆಲೆಯ ಗಿಡಗಳು ಆವರಣದೊಳಗೂ ಇರಬೇಕು, ನೋಡುಗರು ನಡೆಯುವ ದಾರಿಯ ಇಕ್ಕೆಲಗಳಲ್ಲೂ ಇರಬೇಕು, ಎರಡರ ನಡುವಿನ ತಡೆ ಗಿಡಗಳ ಮರೆಯಲ್ಲಿ ಕಾಣದಂತಾಗಬೇಕು. ಆಗ ಜನ ಪ್ರಾಣಿಯ ಜಾಗಕ್ಕೆ ತಾವು ಹೋಗಿದ್ದೇವೆ ಎಂದುಕೊಳ್ಳುತ್ತಾರೆ.

ಒಳ್ಳೆಯ ವಿಚಾರವೇ, ಆದರೆ ಬಹಳ ಕಡೆ ಅರ್ಧ ಮಾತ್ರ ಜಾರಿಯಾಗಿದೆ. ದಾರಿಯ ಬದಿಯಲ್ಲಿ ದಟ್ಟ ಹಸಿರು, ಗಾಜಿನಾಚೆ ಬೋಳು ನೆಲ. ಮರಗಳಿಗೆ ಸುತ್ತಲೂ ವಿದ್ಯುತ್ ತಂತಿ, ಹತ್ತಲು ಬಿಟ್ಟದ್ದು ಸಿಮೆಂಟಿನ ಮರ. ಫೋಟೊದಲ್ಲಿ ಕಾಡು, ಪ್ರಾಣಿಯ ಪಾಲಿಗೆ ಅಂಗಳ. ಆ ಕಾಲದಲ್ಲಿ ಸಿಯಾಟಲ್ ಮೃಗಾಲಯವನ್ನು ನಡೆಸಿದ ಡೇವಿಡ್ ಹ್ಯಾನ್‌ಕಾಕ್ಸ್ ಅವರೇ ಮುಂದೆ ಈ ತೋರಿಕೆಯ ಹಸಿರನ್ನು ಟೀಕಿಸಿದರು. ಅದಕ್ಕೂ ಮೊದಲು ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಅವರು ಪ್ರಾಣಿಗೆ ಎಷ್ಟು ಚದರ ಮೀಟರ್ ಕೊಟ್ಟಿರಿ ಎಂಬುದಕ್ಕಿಂತ ಆ ಜಾಗದಲ್ಲಿ ಏನಿದೆ ಎಂಬುದು ಮುಖ್ಯ ಎಂದು ಹೇಳಿದ್ದರು.

ಏನಿರಬೇಕು? ಮೊದಲನೆಯದು ನೆರಳು. ಒಂದೇ ದೊಡ್ಡ ಮರ ಸಾಲದು. ಸೂರ್ಯ ಸರಿದಂತೆ ನೆರಳೂ ಸರಿಯುತ್ತದೆ, ಮಧ್ಯಾಹ್ನ ಮೂರರ ಹೊತ್ತಿಗೆ ಅದು ಗೋಡೆಯಾಚೆ ಬಿದ್ದಿರಬಹುದು. ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ಎಲ್ಲೆಲ್ಲಿ ನೆರಳು ಬೀಳುತ್ತದೆ ಎಂದು ನಕ್ಷೆಯಲ್ಲೇ ಗುರುತಿಸಬೇಕು. ಗುಂಪಿನಲ್ಲಿ ಬದುಕುವ ಪ್ರಾಣಿಗಳಾದರೆ ನೆರಳಿನ ಜಾಗ ಎರಡು ಮೂರಾದರೂ ಬೇಕು. ಒಂದೇ ಇದ್ದರೆ ಬಲಿಷ್ಠ ಪ್ರಾಣಿ ಅದನ್ನು ಹಿಡಿದು ಕೂರುತ್ತದೆ, ಉಳಿದವು ಬಿಸಿಲಲ್ಲಿ ನಿಲ್ಲುತ್ತವೆ.

ಎರಡನೆಯದು ಮರೆ. ಕೋತಿ, ಜಿಂಕೆ, ತೋಳ ಯಾವುದೇ ಇರಲಿ, ಕೆಳಸ್ತರದ ಪ್ರಾಣಿಗೆ ಮೇಲಿನವುಗಳ ಕಣ್ಣು ತಪ್ಪಿಸಲು ಅವಕಾಶ ಇರಬೇಕು. ಪ್ರಾಣಿಯ ಕಣ್ಣಿನ ಎತ್ತರಕ್ಕಿಂತ ಮೇಲೆ ಬೆಳೆಯುವ ಪೊದೆಸಾಲುಗಳನ್ನು ಅಡ್ಡಡ್ಡ ನೆಟ್ಟರೆ ಜಗಳ ಕಡಿಮೆಯಾಗುತ್ತದೆ. ಇಲ್ಲಿ ಮೇಲಿಂದ ಮೇಲೆ ಆಗುವ ತಪ್ಪೆಂದರೆ ಪೊದೆಯನ್ನು ಮೂಲೆಗೆ ತಳ್ಳುವುದು. ಮೂಲೆಯಲ್ಲಿ ಅಡಗಿದ ಪ್ರಾಣಿಗೆ ಹೊರಬರಲು ದಾರಿಯಿಲ್ಲ; ಅಟ್ಟಿಸಿಕೊಂಡು ಬಂದದ್ದು ಅಲ್ಲೇ ಕಚ್ಚುತ್ತದೆ. ಮರೆ ಆವರಣದ ನಡುವೆ ಇರಲಿ, ಸುತ್ತು ಹಾಕಿ ಓಡಲು ಎರಡು ಬದಿಯೂ ತೆರೆದಿರಲಿ. ಪ್ರಾಣಿ ಅಡಗಿದರೆ ಜನ ಬೇಸರಪಡುತ್ತಾರೆ ಎಂಬ ಆಕ್ಷೇಪ ಮೃಗಾಲಯದ ಕಚೇರಿಯಿಂದ ಬರುವುದು ಖಚಿತ. ಅಡಗುವ ಜಾಗವನ್ನೇ ಕಿತ್ತುಹಾಕುವುದು ಅದಕ್ಕೆ ಪರಿಹಾರವಲ್ಲ. ನೆರಳು, ತಂಗಾಳಿ, ಎತ್ತರದ ಕಟ್ಟೆ ಎಲ್ಲವನ್ನೂ ನೋಡುವ ಜಾಗದ ಎದುರಿಗೆ ಇಟ್ಟರೆ ಪ್ರಾಣಿ ತಾನಾಗಿಯೇ ಅಲ್ಲಿಗೆ ಬರುತ್ತದೆ.

ನೆಡುವ ಕ್ರಮಕ್ಕೆ ಬರೋಣ. ಬಹುಪಾಲು ಗಿಡ ಸಾಯುವುದು ಮೇಲೆ ಅಲ್ಲ, ನೆಲದೊಳಗೆ. ಕಟ್ಟಡದ ಕೆಲಸ ನಡೆದ ಜಾಗದಲ್ಲಿ ಜೆಸಿಬಿ, ಲಾರಿ ಓಡಾಡಿ ಮಣ್ಣು ಗಟ್ಟಿಯಾಗಿರುತ್ತದೆ. ಜೇಡಿಮಣ್ಣಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 1.5 ಗ್ರಾಂ ಹತ್ತಿರ ಬಂದರೆ ಬೇರು ಒಳಗಿಳಿಯುವುದಿಲ್ಲ. ಮರಳುಮಣ್ಣಿನಲ್ಲಿ ಈ ಮಿತಿ ಸುಮಾರು 1.8. ಹೀಗಾಗಿ ಮೇಲ್ಮಣ್ಣನ್ನು ಕೆಲಸಕ್ಕೆ ಮೊದಲೇ ತೆಗೆದು ಬೇರೆ ಕಡೆ ರಾಶಿ ಹಾಕಬೇಕು, ಕೆಲಸ ಮುಗಿದ ಮೇಲೆ ಅಡಿಮಣ್ಣನ್ನು ಆಳವಾಗಿ ಸಡಿಲಿಸಿ ಮತ್ತೆ ಹರಡಬೇಕು. ಇರುವ ಹಳೆಯ ಮರವನ್ನು ಉಳಿಸುವುದಾದರೆ ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.4 ಮೀಟರ್ ಎತ್ತರದಲ್ಲಿ, ಕಾಂಡದ ವ್ಯಾಸ ಅಳೆದು ಅದರ ಹನ್ನೆರಡು ಪಟ್ಟು ದೂರಕ್ಕೆ ಸುತ್ತಲೂ ತಾತ್ಕಾಲಿಕ ಬೇಲಿ ಹಾಕಿ. 50 ಸೆಂ.ಮೀ. ವ್ಯಾಸದ ಮರಕ್ಕೆ 6 ಮೀಟರ್. ಆ ವೃತ್ತದೊಳಗೆ ಸಿಮೆಂಟು ಕಲಸುವುದು, ಜಲ್ಲಿ ರಾಶಿ ಹಾಕುವುದು, ಕೊಳವೆಗೆ ಕಾಲುವೆ ತೋಡುವುದು ಯಾವುದೂ ಬೇಡ. ಹೀಗೆ ಪೆಟ್ಟು ತಿಂದ ಮರ ಕೂಡಲೇ ಸಾಯುವುದಿಲ್ಲ, ಎರಡು ಮೂರು ವರ್ಷ ತೆಗೆದುಕೊಂಡು ತುದಿಯಿಂದ ಒಣಗುತ್ತ ಬರುತ್ತದೆ. ಅಷ್ಟರಲ್ಲಿ ಗುತ್ತಿಗೆದಾರ ಬಿಲ್ ಪಡೆದು ಹೋಗಿರುತ್ತಾನೆ.

ಗುಂಡಿ ಬೇರುಂಡೆಯ (ಬೇರು ಹಿಡಿದ ಮಣ್ಣಿನ ಉಂಡೆಯ) ಎರಡು ಮೂರು ಪಟ್ಟು ಅಗಲ ಇರಲಿ, ಆಳ ಮಾತ್ರ ಬೇರುಂಡೆಯಷ್ಟೇ ಸಾಕು. ಕಾಂಡ ಅಗಲವಾಗಿ ಬೇರಾಗುವ ಬುಡ ನೆಲದ ಮೇಲೆ ಕಾಣಬೇಕು. ಹೂತರೆ ತೊಗಟೆ ಕೊಳೆಯುತ್ತದೆ. ಒಣಎಲೆ, ತೊಗಟೆಚೂರಿನ ಹೊದಿಕೆ 7ರಿಂದ 10 ಸೆಂ.ಮೀ. ದಪ್ಪಕ್ಕೆ ಹಾಕಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ದೊಡ್ಡ ಮರ ತಂದು ನೆಟ್ಟರೆ ಬೇಗ ಕಾಡಾಗುತ್ತದೆ ಎಂಬ ನಂಬಿಕೆ ದುಬಾರಿಯದು. ಸ್ಥಳಾಂತರಿಸಿದ ಮರ ಚೇತರಿಸಿಕೊಳ್ಳಲು ತಂಪು ಪ್ರದೇಶಗಳಲ್ಲಿ ಕಾಂಡದ ಪ್ರತಿ 2.5 ಸೆಂ.ಮೀ. ವ್ಯಾಸಕ್ಕೆ ಸುಮಾರು ಒಂದು ವರ್ಷ ಹಿಡಿಯುತ್ತದೆ. ಬೆಚ್ಚಗಿನ ಹವೆಯಲ್ಲಿ, ನೀರು ಸರಿಯಾಗಿ ಸಿಕ್ಕರೆ, ಕೆಲವೇ ತಿಂಗಳು. ಸಣ್ಣ ಸಸಿ ಅಷ್ಟರಲ್ಲಿ ಅದನ್ನು ಹಿಂದಿಕ್ಕುವುದೂ ಉಂಟು. ಅವಸರವಿದ್ದರೆ ಬೇಗ ಬೆಳೆಯುವ ಜಾತಿಗಳನ್ನು ನಡುವೆ ನೆಟ್ಟು, ಮುಖ್ಯ ಮರಗಳು ಎದ್ದ ಮೇಲೆ ಅವನ್ನು ಕಡಿಯಿರಿ. ಕಡಿಯಬೇಕಾದವು ಯಾವುವು ಎಂದು ನಕ್ಷೆಯಲ್ಲಿ ಮೊದಲೇ ಬರೆದಿಡದಿದ್ದರೆ ಆಮೇಲೆ ಯಾರೂ ಕಡಿಯುವುದಿಲ್ಲ. ಏನೇ ಆದರೂ ಪ್ರಾಣಿ ಬಿಡುವ ಮೊದಲು ಪೂರ್ತಿ ಒಂದು ಬೆಳೆಯುವ ಕಾಲ ಕಳೆಯಬೇಕು, ಎರಡಾದರೆ ಲೇಸು.

ಕೃತಕ ಬಂಡೆಯ ಸಂದಿಯಲ್ಲಿ ನೆಡುವ ಗಿಡಗಳದ್ದು ಬೇರೆಯೇ ಪಾಡು. ತಳದಲ್ಲಿ ನೀರು ಹೋಗುವ ತೂತಿಲ್ಲದಿದ್ದರೆ ಬೇರು ಕೊಳೆಯುತ್ತದೆ. ಪೊದೆಗಿಡಕ್ಕೆ 45–60 ಸೆಂ.ಮೀ. ಮಣ್ಣಿನ ಆಳ ಇಲ್ಲದಿದ್ದರೆ ಬೇಸಿಗೆಯಲ್ಲಿ ಬೇರು ಬೆಂದುಹೋಗುತ್ತದೆ. ಹೊಸ ಸಿಮೆಂಟಿನಿಂದ ಸುಣ್ಣ ಇಳಿದು ಮಣ್ಣು ಕ್ಷಾರವಾಗುತ್ತದೆ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಗಿಡಕ್ಕೆ ಕಬ್ಬಿಣಾಂಶ ಸಿಗುತ್ತಿಲ್ಲ ಎಂದರ್ಥ. ಅದಕ್ಕೆ ಯೂರಿಯಾ ಸುರಿದರೆ ಪ್ರಯೋಜನವಿಲ್ಲ.

ಇನ್ನು ಪ್ರಾಣಿಯಿಂದ ಗಿಡವನ್ನು ಕಾಪಾಡುವ ವಿಷಯ. ಆನೆ ದಿನಕ್ಕೆ ನೂರು ಕಿಲೋಗೂ ಮೀರಿ ಮೇವು ತಿನ್ನುತ್ತದೆ, ತೊಗಟೆಯನ್ನೂ ಸುಲಿಯುತ್ತದೆ. ಕಾಂಡದ ಸುತ್ತ ತೊಗಟೆ ಉಂಗುರದಂತೆ ಹೋದರೆ ಮರ ಸತ್ತಂತೆಯೇ. ಜಿರಾಫೆಯ ನಾಲಿಗೆ ಸುಮಾರು 45 ಸೆಂ.ಮೀ. ಚಾಚುತ್ತದೆ, ಬೇಲಿಯಿಂದ ಮರದ ದೂರ ಲೆಕ್ಕಹಾಕುವಾಗ ಕತ್ತಿನ ಜೊತೆಗೆ ಅದನ್ನೂ ಸೇರಿಸಬೇಕು. ಕಾಂಡಕ್ಕೆ ಬೆಸುಗೆ ಜಾಲರಿ ಸುತ್ತುವುದು ವಾಡಿಕೆ. ಕಾಂಡಕ್ಕೂ ಜಾಲರಿಗೂ ನಡುವೆ ಒಂದು ಗೇಣು ಜಾಗ ಬಿಟ್ಟು, ವರ್ಷಕ್ಕೊಮ್ಮೆ ಸಡಿಲಿಸದಿದ್ದರೆ ಬೆಳೆಯುವ ಮರವನ್ನು ಆ ಜಾಲರಿಯೇ ಕತ್ತು ಹಿಸುಕುತ್ತದೆ. ಬುಡದ ಸುತ್ತ ತಲೆಗಾತ್ರದ ಕಲ್ಲುಗಳನ್ನು ಒತ್ತೊತ್ತಾಗಿ ಹರಡಿದರೆ ಗೊರಸಿನ ಪ್ರಾಣಿಗಳು ಅಲ್ಲಿ ಕಾಲಿಡುವುದಿಲ್ಲ, ಬೇರಿನ ಮೇಲಿನ ಮಣ್ಣು ತುಳಿತದಿಂದ ಪಾರಾಗುತ್ತದೆ. ಒಣಮರದ ದಿಮ್ಮಿಗಳನ್ನು ಅಡ್ಡ ಇಟ್ಟರೂ ಆದೀತು, ನೋಡಲೂ ಸಹಜವಾಗಿರುತ್ತದೆ.

ಇದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಕತ್ತರಿಸಿ ತಂದ ಸೊಪ್ಪು. ದಿನವೂ ಹೊಸ ಕೊಂಬೆಗಳನ್ನು ಆವರಣದ ಬೇರೆ ಬೇರೆ ಕಡೆ, ಬೇರೆ ಬೇರೆ ಎತ್ತರದಲ್ಲಿ ಕಟ್ಟಿದರೆ ಪ್ರಾಣಿಗೆ ದಿನವಿಡೀ ಕೆಲಸ ಸಿಗುತ್ತದೆ, ನೆಟ್ಟ ಮರದ ಮೇಲಿನ ಒತ್ತಡ ಇಳಿಯುತ್ತದೆ. ಆದ್ದರಿಂದ ಮೃಗಾಲಯದ ನಕ್ಷೆಯಲ್ಲಿ ಆವರಣದಷ್ಟೇ ಮುಖ್ಯವಾಗಿ ಒಂದು ಸೊಪ್ಪಿನ ತೋಟಕ್ಕೆ ಜಾಗ ಇರಬೇಕು. ಕೀಟನಾಶಕ ಹೊಡೆಯದ, ರಸ್ತೆ ಬದಿಯಲ್ಲಿಲ್ಲದ ತೋಟ. ದೈತ್ಯ ಪಾಂಡಾ ಒಂದು ದಿನಕ್ಕೆ 12ರಿಂದ 38 ಕಿಲೋ ಬಿದಿರು ತಿನ್ನುತ್ತದೆ ಎಂದರೆ ಆ ತೋಟದ ವಿಸ್ತಾರ ಎಷ್ಟಿರಬೇಕೆಂದು ಊಹಿಸಬಹುದು. ಬಿದಿರು ನೆಡುವವರು ಎರಡು ಸಂಗತಿ ನೆನಪಿಡಬೇಕು. ಮೆಳೆಯಾಗಿ ಒಂದೇ ಕಡೆ ಬೆಳೆಯುವ ಜಾತಿಯನ್ನೇ ಆರಿಸಿ. ಬೇರು ಹರಿಸುತ್ತ ಹಬ್ಬುವ ಜಾತಿ ಕಂದಕದ ಗೋಡೆಯನ್ನು ದಾಟಿ ಪಕ್ಕದ ಆವರಣದಲ್ಲಿ ಮೇಲೇಳುತ್ತದೆ. ಮತ್ತೆ, ಎಲ್ಲ ಮೆಳೆಗಳನ್ನೂ ಒಂದೇ ತಾಯಿಗಿಡದಿಂದ ತರಬೇಡಿ. ಹಲವು ಜಾತಿಯ ಬಿದಿರು ದಶಕಗಳಿಗೊಮ್ಮೆ ಒಟ್ಟಿಗೆ ಹೂಬಿಟ್ಟು ಒಟ್ಟಿಗೆ ಸಾಯುತ್ತದೆ. ಮರೆಯೂ ಮೇವೂ ಒಂದೇ ವರ್ಷದಲ್ಲಿ ಹೋಗುತ್ತದೆ.

ಹುಲ್ಲಿನ ನೆಲದ ಮೇಲೆ ಹಟ ಸಾಧಿಸಬಾರದು. ಗೇಟಿನ ಬಳಿ, ನೀರಿನ ತೊಟ್ಟಿಯ ಸುತ್ತ, ಬೇಲಿಯ ಉದ್ದಕ್ಕೂ ಪ್ರಾಣಿ ನಡೆದೇ ನಡೆಯುತ್ತದೆ. ಅಲ್ಲಿ ಎಷ್ಟು ಸಲ ಹುಲ್ಲು ಹಾಕಿದರೂ ಕೆಸರೇ. ಆ ಪಟ್ಟಿಗಳಿಗೆ ಮರಳು ಇಲ್ಲವೇ ನುಣುಪಾದ ಸಣ್ಣ ಜಲ್ಲಿ ಹಾಕಿ, ಮೀಟರಿಗೆ 2 ಸೆಂ.ಮೀ. ಇಳಿಜಾರು ಕೊಟ್ಟು ಕೈತೊಳೆದುಕೊಳ್ಳಿ. ಉಳಿದ ಹುಲ್ಲುಗಾವಲನ್ನು ಎರಡು ಭಾಗ ಮಾಡಿ ಸರದಿಯಲ್ಲಿ ಮೇಯಿಸಿ, ಹುಲ್ಲು ನಾಲ್ಕು ಬೆರಳಿಗಿಂತ ಕೆಳಗಿಳಿಯುವ ಮೊದಲು ಪ್ರಾಣಿಗಳನ್ನು ಆಚೆ ಹೊಡೆಯಿರಿ. ಪ್ರಾಣಿಗಳು ರಾತ್ರಿ ತಂಗುವ ಕೋಣೆಯನ್ನು ತೊಳೆದ ಬ್ಲೀಚಿಂಗ್ ನೀರು ಗಿಡದ ಪಾತಿಗೆ ಹರಿಯದಂತೆ ಚರಂಡಿ ತಿರುಗಿಸುವುದನ್ನು ಮರೆಯುವವರೇ ಹೆಚ್ಚು. ಬಾಗಿಲ ಬಳಿಯ ಗಿಡ ಮಾತ್ರ ಯಾಕೆ ಪದೇಪದೇ ಸಾಯುತ್ತದೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಅದೇ ಉತ್ತರ. ಹುಲಿ, ಚಿರತೆ ಗಡಿ ಗುರುತಿಸಲು ಒಂದೇ ಗಿಡಕ್ಕೆ ಮತ್ತೆ ಮತ್ತೆ ಮೂತ್ರ ಸಿಂಪಡಿಸಿ ಸುಟ್ಟುಹಾಕುತ್ತವೆ. ಅವು ಓಡಾಡುವ ದಾರಿಯಲ್ಲಿ ಒಂದೆರಡು ಒಣದಿಮ್ಮಿ ನೆಟ್ಟರೆ ಉಗುರು ಕೆರೆಯಲೂ ಆಯಿತು, ಗುರುತಿಗೂ ಆಯಿತು.

ವಿಷಗಿಡಗಳ ಬಗ್ಗೆ ಅಜಾಗರೂಕತೆ ಸಲ್ಲದು. ಕಣಗಿಲೆ ರಸ್ತೆ ನಡುವಿನ ಪಟ್ಟಿಗೆ ಚೆಂದ. ಮೃಗಾಲಯದಲ್ಲಿ ಅದರ ಕೆಲವೇ ಎಲೆಗಳು ಜಿಂಕೆಯ ಹೃದಯ ನಿಲ್ಲಿಸಬಲ್ಲವು, ಒಣಗಿದ ಎಲೆಯಲ್ಲೂ ವಿಷ ಹೋಗುವುದಿಲ್ಲ. ಲಂಟಾನ ಮೇಯುವ ಪ್ರಾಣಿಗಳ ಯಕೃತ್ತು ಕೆಡಿಸಿ ಚರ್ಮ ಬಿಸಿಲಿಗೆ ಸುಡುವಂತೆ ಮಾಡುತ್ತದೆ. ಹರಳು, ಗುಲಗಂಜಿ ಬೀಜ, ದತ್ತೂರಿ, ಸೈಕಸ್ ಇವೂ ಬೇಡ. ಹಕ್ಕಿಗಳ ಆವರಣದಲ್ಲಿ ಬೆಣ್ಣೆಹಣ್ಣಿನ ಮರ ಇರಕೂಡದು. ವಿಷಗಿಡ ಒಳಗಿಲ್ಲದಿದ್ದರೆ ಸಾಕು ಎನ್ನುವಂತಿಲ್ಲ. ಗಾಳಿಗೆ ಎಲೆ ಹಾರಿ ಬೀಳುವ ದೂರದಲ್ಲೂ, ನೋಡುಗರು ಕಿತ್ತು ‘ತಿನ್ನು’ ಎಂದು ಚಾಚುವ ದೂರದಲ್ಲೂ ಇರಬಾರದು. ಆದ್ದರಿಂದ ನೋಡುಗರ ಕಟಕಟೆಗೂ ಬೇಲಿಗೂ ನಡುವಿನ ಒಂದೂವರೆ ಎರಡು ಮೀಟರ್ ಪಟ್ಟಿಯಲ್ಲಿ ವಿಷವಿಲ್ಲದ ಮುಳ್ಳುಪೊದೆ ನೆಡುವುದು ಒಳ್ಳೆಯದು. ಫಲಕ ತಡೆಯದ ಕೈಯನ್ನು ಮುಳ್ಳು ತಡೆಯುತ್ತದೆ. ನೆಡುವ ಪ್ರತಿ ಜಾತಿಯ ಪಟ್ಟಿಗೂ ಪಶುವೈದ್ಯರ ಸಹಿ ಇರಲಿ.

ಗಿಡದ ಜೊತೆ ಬರುವ ಕಸವೂ ಅಪಾಯವೇ. ನರ್ಸರಿಯಿಂದ ಬಂದ ಪ್ಲಾಸ್ಟಿಕ್ ಚೀಟಿ, ನೈಲಾನ್ ದಾರ, ಬೇರುಂಡೆ ಬಿಗಿದ ತಂತಿ ಇವುಗಳನ್ನು ಎಣಿಸಿ ಹೊರತರಬೇಕು. ಮೆಲುಕು ಹಾಕುವ ಪ್ರಾಣಿ ತಂತಿಯ ತುಂಡು ನುಂಗಿದರೆ ಅದು ಎರಡನೆಯ ಹೊಟ್ಟೆಯಲ್ಲಿ ಸಿಕ್ಕಿ, ಗೋಡೆ ಚುಚ್ಚಿಕೊಂಡು ಹೃದಯದವರೆಗೂ ಹೋಗಬಲ್ಲದು.

ಮರವೇ ಏಣಿಯಾಗುವ ಸಾಧ್ಯತೆಯನ್ನು ವಿನ್ಯಾಸಕರು ನೆಟ್ಟ ದಿನದ ಎತ್ತರ ನೋಡಿ ತೀರ್ಮಾನಿಸುತ್ತಾರೆ. ನೋಡಬೇಕಾದದ್ದು ಇಪ್ಪತ್ತು ವರ್ಷದ ಮೇಲಿನ ಎತ್ತರವನ್ನು. ಬೇಲಿಯ ಮೇಲೆ ಬಾಗಿದ ಕೊಂಬೆ ಚಿರತೆಗೂ ಕೋತಿಗೂ ದಾರಿ. ಗೋಡೆಗೆ ಹಬ್ಬಿದ ಬಳ್ಳಿ ಕಾಲಿಡಲು ಮೆಟ್ಟಿಲು. ವಿದ್ಯುತ್ ತಂತಿಗೆ ಹುಲ್ಲು ತಾಗಿದರೆ, ಅದೂ ಮಳೆಯಲ್ಲಿ, ವೋಲ್ಟೇಜ್ ನೆಲಕ್ಕೆ ಸೋರಿಹೋಗುತ್ತದೆ. ಬೇಲಿ ನೋಡಲು ಇರುತ್ತದೆ, ಶಾಕ್ ಇರುವುದಿಲ್ಲ. ಹಕ್ಕಿ ಬಲೆಯ ಮೇಲೆ ಬಳ್ಳಿ ಬೆಳೆಯಲು ಬಿಟ್ಟರೆ ಮಳೆಗೆ ನೆನೆದ ಭಾರಕ್ಕೆ ಬಲೆ ಹರಿಯುತ್ತದೆ. ಗಾಳಿಮಳೆ ಬಂದ ಮಾರನೆಯ ಬೆಳಿಗ್ಗೆ ಪ್ರಾಣಿಗಳನ್ನು ಹೊರಬಿಡುವ ಮೊದಲು ಬೇಲಿ ಸುತ್ತ ಒಂದು ಸುತ್ತು ಹಾಕಬೇಕು. ನೀರಿನ ಕಂದಕದಲ್ಲಿ ಮೇಲ್ಮೈ ಪೂರ್ತಿ ಮುಚ್ಚುವ ತೇಲುಸಸ್ಯಗಳನ್ನು ಬೆಳೆಯಲು ಬಿಡಬಾರದು. ಮರಿಗಳಿಗೆ ಅದು ಹಸಿರು ನೆಲದಂತೆ ಕಾಣುತ್ತದೆ. ಚಿಂಪಾಂಜಿ, ಗೊರಿಲ್ಲಾಗಳಿಗೆ ಈಜು ಬಾರದು. ದಡದಲ್ಲಿ ಜೊಂಡು ಬೆಳೆಸಿ, ಅಂಚನ್ನು ಮೆಟ್ಟಿಲಾಗಿ ನಿಧಾನಕ್ಕೆ ಇಳಿಸಿ, ಹಿಡಿದು ಮೇಲೇಳಲು ನೀರೊಳಗೆ ಹಗ್ಗ ಅಥವಾ ಜಾಲರಿ ಇಟ್ಟಿರಬೇಕು.

ನೋಡುಗರ ಕಡೆಗೆ ಹೇಳಬೇಕಾದದ್ದು ಕಡಿಮೆ. ಗಾಜಿನ ಮುಂದೆ ಜನ ನಿಲ್ಲುವ ಜಾಗ ಆವರಣಕ್ಕಿಂತ ಕತ್ತಲಾಗಿರಲಿ, ಮೇಲೆ ದಟ್ಟ ಎಲೆಯ ಮರ ಇರಲಿ. ಇಲ್ಲದಿದ್ದರೆ ಗಾಜಿನಲ್ಲಿ ಪ್ರಾಣಿಯ ಬದಲು ತಮ್ಮದೇ ಮುಖ ಕಾಣುತ್ತದೆ. ಒಂದು ಜಾಗದಲ್ಲಿ ನಿಂತವರಿಗೆ ಎದುರು ಬದಿಯ ಜನ ಕಾಣಬಾರದು. ಮೇಲಿಂದ ಕೆಳಗೆ ನೋಡುವ ಹೊಂಡದ ವಿನ್ಯಾಸ ಬೇಡ. ಪ್ರಾಣಿ ನಮ್ಮ ಕಣ್ಣಿನ ಮಟ್ಟದಲ್ಲೋ ಸ್ವಲ್ಪ ಮೇಲೋ ಇದ್ದರೆ ಜನ ದನಿ ತಗ್ಗಿಸಿ ನೋಡುತ್ತಾರೆ. ಪ್ರಾಣಿಯ ತಾಯ್ನಾಡಿನ ಗಿಡವೇ ಬೇಕೆಂಬ ಹಟ ಬೇಡ. ಎಲೆಯ ಆಕಾರ, ಎತ್ತರ, ದಟ್ಟಣೆ ಹೋಲುವ ಸ್ಥಳೀಯ ಜಾತಿ ಸಿಕ್ಕರೆ ನೀರೂ ಉಳಿಯುತ್ತದೆ, ಪರದೇಶದ ಕಳೆ ಸುತ್ತಲ ಕಾಡಿಗೆ ಹರಡುವ ಭಯವೂ ಇಲ್ಲ.

ಛಾವಣಿಯಡಿಯ ಮಳೆಕಾಡುಗಳಲ್ಲಿ ಬೆಳಕಿನ ಲೆಕ್ಕ ಮೊದಲು. ಜ್ಯೂರಿಕ್ ಮೃಗಾಲಯದ ಮಸೋಆಲಾ ಎಂಬ ಇಂಥ ಮಳೆಕಾಡು 2003ರಲ್ಲಿ ತೆರೆಯಿತು, ಸುಮಾರು 11,000 ಚದರ ಮೀಟರ್. ಅದರ ಛಾವಣಿ ಗಾಜಲ್ಲ, ಇಟಿಎಫ್‌ಇ ಎಂಬ ತೆಳು ಪ್ಲಾಸ್ಟಿಕ್ ಹಾಳೆ. ಸಾಮಾನ್ಯ ಗಾಜು ಹಲ್ಲಿ, ಊಸರವಳ್ಳಿಗಳಿಗೆ ಅಗತ್ಯವಾದ ಅತಿನೇರಳೆ-ಬಿ ಕಿರಣವನ್ನು ತಡೆಯುತ್ತದೆ, ಈ ಹಾಳೆ ಬಿಡುತ್ತದೆ. ಒಳಗೆ ಪ್ರಾಣಿಗಳಿರುವ ಇಂಥ ಕಡೆ ಗಿಡಕ್ಕೆ ಕೀಟ ಬಿದ್ದರೆ ಔಷಧ ಹೊಡೆಯುವಂತಿಲ್ಲ. ಗುಲಗಂಜಿ ಹುಳು, ಪರಾವಲಂಬಿ ಕಣಜಗಳನ್ನು ಬಿಟ್ಟು ಹತೋಟಿ ಮಾಡಬೇಕು. ಸಣ್ಣ ಪೆಟ್ಟಿಗೆಗಳಲ್ಲೂ ಗಿಡ ಬರೀ ಅಲಂಕಾರವಲ್ಲ. ಕೆಲವು ವಿಷಕಪ್ಪೆಗಳು ತಮ್ಮ ಗೊದಮೊಟ್ಟೆಗಳನ್ನು ಬ್ರೊಮಿಲಿಯಾಡ್ ಎಂಬ ಅನಾನಸ್ ಕುಟುಂಬದ ಗಿಡದ ಎಲೆಗಳ ಕಂಕುಳಲ್ಲಿ ನಿಂತ ನೀರಿಗೆ ಹೊತ್ತುತಂದು ಬಿಡುತ್ತವೆ. ಆ ಗಿಡ ಇಲ್ಲದಿದ್ದರೆ ಅವುಗಳ ಸಂಸಾರ ಸಾಗುವುದು ಕಷ್ಟ.

ಕೊನೆಯದಾಗಿ ಗೊಬ್ಬರ. ಸಸ್ಯಾಹಾರಿಗಳ ಲದ್ದಿ, ಸೆಗಣಿಯಲ್ಲಿ ಕಳೆಬೀಜ ಇರುತ್ತದೆ. ಹಸಿಯಾಗಿ ಹಾಕಿದರೆ ಆವರಣವೆಲ್ಲ ಕಳೆ. ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್ ಶಾಖ 15 ದಿನವಾದರೂ ನಿಲ್ಲಬೇಕು, ಆ ಅವಧಿಯಲ್ಲಿ ಐದು ಸಲ ಮಗುಚಬೇಕು. ಮಾಂಸಾಹಾರಿಗಳ ಮಲವನ್ನು ಇದರಲ್ಲಿ ಬೆರೆಸಬಾರದು. ಅದರೊಳಗಿನ ಪರಾವಲಂಬಿ ಜೀವಿಗಳು ಮೇವಿನ ಮೂಲಕ ಜಿಂಕೆಗಳಿಗೆ ತಲುಪುತ್ತವೆ.

ಹೊಸ ಆವರಣದ ಟೆಂಡರಿನಲ್ಲಿ ಇಷ್ಟನ್ನಾದರೂ ಸೇರಿಸಬೇಕೆಂದು ಸಂಬಂಧಪಟ್ಟವರಲ್ಲಿ ನಮ್ಮ ಕೋರಿಕೆ: ಗಿಡಮರಕ್ಕೆ ಪ್ರತ್ಯೇಕ ಹಣ, ಸಿವಿಲ್ ಕೆಲಸದ ಉಳಿಕೆಯಲ್ಲ, ನೆಟ್ಟ ದಿನದಿಂದ ಮೂರು ವರ್ಷದ ನಿರ್ವಹಣೆ, ಸತ್ತ ಗಿಡವನ್ನು ಗುತ್ತಿಗೆದಾರನೇ ಬದಲಿಸುವ ಷರತ್ತು, ಪ್ರಾಣಿ ಬಿಡುವ ದಿನವನ್ನು ತೋಟಗಾರಿಕೆಯವರು ಒಪ್ಪಿ ಸಹಿ ಹಾಕಿದ ಮೇಲೆ ನಿಗದಿ ಮಾಡುವ ನಿಯಮ, ಮತ್ತು ಬೆಳಿಗ್ಗೆ ಪ್ರಾಣಿ ಹೊರಬರುವ ಮೊದಲು ಮಾಲಿಗೂ ಪ್ರಾಣಿಪಾಲಕನಿಗೂ ಒಟ್ಟಿಗೆ ಆವರಣದೊಳಗೆ ಒಂದು ಗಂಟೆ.

ಇಂತಿ,
ಭೂದೃಶ್ಯ ವಿನ್ಯಾಸ ಮತ್ತು ತೋಟಗಾರಿಕೆಯಲ್ಲಿ ತೊಡಗಿರುವ ಓದುಗರು